ಅಜ್ಜನ ಪೆಟ್ಟಿಗೆಯ ಹೆಸರಿಲ್ಲದ ಉಪಕರಣಗಳು



ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಹಳೆಯ ಮರದ ಪೆಟ್ಟಿಗೆ ಇರಬಹುದು. ಎತ್ತಿದರೆ ಭಾರ. ಅಲುಗಿಸಿದರೆ ಉಕ್ಕಿನ ಸದ್ದು. ಮುಚ್ಚಳ ತೆಗೆದರೆ ಹಳೆಯ ಎಣ್ಣೆಯ ವಾಸನೆ. ಮನೆಯ ಹಿರಿಯರೊಬ್ಬರು ಫಿಟ್ಟರ್ ಆಗಿದ್ದರು, ಇಲ್ಲವೇ ಟರ್ನರ್ ಆಗಿದ್ದರು. ಅವರು ಹೋದರು, ಪೆಟ್ಟಿಗೆ ಉಳಿಯಿತು. ಅದರಲ್ಲಿರುವ ಸುತ್ತಿಗೆ, ಅರ, ಇಕ್ಕಳ ಯಾರಿಗಾದರೂ ತಿಳಿಯುತ್ತವೆ. ಉಳಿದ ಹತ್ತು ಹದಿನೈದು ವಸ್ತುಗಳು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಹತ್ತು ಹದಿನೈದು ವಸ್ತುಗಳ ವಿಷಯವೇ ಈ ಹೊತ್ತಿನ ನನ್ನ ಮಾತು.

ನಮ್ಮ ನಾಡಿನಲ್ಲಿ ಇಂಥ ಪೆಟ್ಟಿಗೆಗಳು ಬಹಳ. ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಲ್ಲೇ ಯಂತ್ರಗಳು ತಿರುಗುತ್ತಿದ್ದವು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪೂ ಅದೇ ದಶಕದ್ದು. ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿಯತೊಡಗಿದ್ದು 1923ರಲ್ಲಿ. ಬೆಂಗಳೂರಿಗೆ 1940ರಲ್ಲಿ ಎಚ್.ಎ.ಎಲ್. ಬಂತು. ಸ್ವಾತಂತ್ರ್ಯದ ನಂತರ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಬಂದವು. ಅಲ್ಲೆಲ್ಲ ದುಡಿದವರ ಕೈಯಲ್ಲಿ ಈ ಉಪಕರಣಗಳು ಇದ್ದವು. ಈಗ ಅವು ಗುಜರಿ ಅಂಗಡಿಯ ತಕ್ಕಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಕೊಳ್ಳುತ್ತಿವೆ. ಫಿಟ್ಟರ್ ಕೆಲಸ ಕಲಿಸುತ್ತ ಮೂವತ್ತು ವರ್ಷ ಕಳೆದ ನನಗೆ ಇದನ್ನು ನೋಡಿದಾಗ ಸಂಕಟವಾಗುತ್ತದೆ.

ಕಳೆದ ವರ್ಷ ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ಮನೆಗೆ ಬಂದರು. ಎಪ್ಪತ್ತು ದಾಟಿದ ತಾಯಿ. ಜೊತೆಯಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು. ಇಬ್ಬರೂ ಸೇರಿ ಒಂದು ಪೆಟ್ಟಿಗೆ ಹೊತ್ತು ತಂದಿದ್ದರು.

"ಮೇಷ್ಟ್ರೇ, ನಮ್ಮ ಯಜಮಾನರದು ಇದು," ಎಂದರು ಆಕೆ. "ಮಗ ಗುಜರಿಗೆ ಹಾಕೋಣ ಅಂತಾನೆ. ಅರ್ಧಕ್ಕರ್ಧ ಮುರಿದುಹೋಗಿವೆಯಂತೆ. ಒಂದ್ಸಲ ನೀವು ನೋಡಿಬಿಡಿ."

ನಾನು ಚಾಪೆಯ ಮೇಲೆ ಹಳೆಯ ಸೀರೆ ಹಾಸಿ ಒಂದೊಂದನ್ನೇ ತೆಗೆದಿಟ್ಟೆ. ಮುರಿದದ್ದು ಒಂದೂ ಇರಲಿಲ್ಲ. ಮುರಿದಿದೆ ಎಂದು ಮಗ ಬೇರೆಯಾಗಿ ಇಟ್ಟಿದ್ದ ಗುಂಪಿನಲ್ಲೇ ಪೆಟ್ಟಿಗೆಯ ಅತ್ಯುತ್ತಮ ಉಪಕರಣಗಳಿದ್ದವು. ಆ ಗುಂಪನ್ನು ನೋಡಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಹಳೆಯ ಉಪಕರಣದಲ್ಲಿ ನಮ್ಮ ಕಣ್ಣಿಗೆ ಕುಂದಾಗಿ ಕಾಣುವ ಭಾಗವೇ ಅದರ ಗುರುತು. ಆ ಕುಂದು ಯಾಕೆ ಎಂದು ಕೇಳಿದರೆ ಕೆಲಸ ತಿಳಿಯುತ್ತದೆ. ಕೆಲಸ ತಿಳಿದರೆ ಹೆಸರು ತಾನಾಗಿ ಸಿಗುತ್ತದೆ.

ಆ ಗುಂಪಿನಿಂದ ಮೊದಲು ಒಂದನ್ನು ಎತ್ತಿಕೊಳ್ಳೋಣ. ಶಾಲೆಯಲ್ಲಿ ವೃತ್ತ ಎಳೆಯುತ್ತಿದ್ದ ಕೈವಾರವನ್ನು ನೆನಪಿಗೆ ತಂದುಕೊಳ್ಳಿ. ಎರಡು ಕಾಲು, ಮೇಲೆ ಒಂದು ಕೀಲು. ಈ ಉಪಕರಣವೂ ಹಾಗೇ ಇದೆ, ಗೇಣುದ್ದ, ಪೂರಾ ಉಕ್ಕಿನದು. ಒಂದು ಕಾಲು ನೆಟ್ಟಗಿದೆ, ತುದಿ ಸೂಜಿಯಂತೆ ಚೂಪು. ಇನ್ನೊಂದರ ತುದಿ ಒಳಗಡೆಗೆ ಕೊಕ್ಕೆಯಂತೆ ಬಾಗಿದೆ. ಒಂದಕ್ಕೊಂದು ಜೋಡಿಯಲ್ಲ. "ಎರಡು ಬೇರೆ ಬೇರೆ ಕೈವಾರದ ಕಾಲು ತಂದು ಸೇರಿಸಿದ ಹಾಗಿದೆ ತಾತ," ಎಂದಳು ಮೊಮ್ಮಗಳು. ಸರಿಯಾದ ಮಾತೇ. ಅದು ಹಾಗೆ ಇರಬೇಕಾದದ್ದೇ.

ಇದಕ್ಕೆ ಜೆನ್ನಿ ಕ್ಯಾಲಿಪರ್ ಎನ್ನುತ್ತಾರೆ. ಆಡ್ ಲೆಗ್ ಕ್ಯಾಲಿಪರ್ ಎಂದೂ ಹೇಳುತ್ತಾರೆ. ಕೆಲಸ ಹೀಗೆ. ಉಕ್ಕಿನ ಒಂದು ತುಂಡನ್ನು ಅರ ಹಾಕಿ ನುಣ್ಣಗೆ ಮಾಡಿ. ಅದರ ಮೇಲೆ ಮೈಲುತುತ್ತದ ನೀರನ್ನು ಬಟ್ಟೆಯಲ್ಲಿ ಅದ್ದಿ ಒರೆಸಿ. ತಾಮ್ರದ ತೆಳು ಪೊರೆ ಕೂರುತ್ತದೆ, ಉಕ್ಕು ಕೆಂಪಗಾಗುತ್ತದೆ. ಈಗ ಕೊಕ್ಕೆಯ ಕಾಲನ್ನು ತುಂಡಿನ ಅಂಚಿಗೆ ಆನಿಸಿ. ಚೂಪು ಕಾಲನ್ನು ಮೈಮೇಲೆ ಇಡಿ. ಕೊಕ್ಕೆ ಅಂಚು ಬಿಡದ ಹಾಗೆ ಎಳೆಯಿರಿ. ಕೆಂಪು ಪೊರೆಯ ನಡುವೆ ಬೆಳ್ಳಿಯಂಥ ಒಂದು ಗೆರೆ ಮೂಡುತ್ತದೆ. ಆ ಗೆರೆ ಉದ್ದಕ್ಕೂ ಅಂಚಿನಿಂದ ಒಂದೇ ದೂರದಲ್ಲಿರುತ್ತದೆ. ಒಂದು ಕಾಲು ಅಂಚನ್ನು ಹಿಡಿಯಬೇಕು, ಇನ್ನೊಂದು ಗೆರೆ ಎಳೆಯಬೇಕು. ಎರಡಕ್ಕೂ ಬೇರೆ ಬೇರೆ ಕೆಲಸ. ಆದ್ದರಿಂದ ಎರಡೂ ಬೇರೆ ಬೇರೆ ಆಕಾರ.

ದುಂಡು ಸರಳಿನ ನಡುಬಿಂದು ಹುಡುಕುವುದಕ್ಕೂ ಇದೇ. ಕೊಕ್ಕೆಯನ್ನು ಸರಳಿನ ಅಂಚಿಗೆ ಆನಿಸಿ ನಾಲ್ಕು ದಿಕ್ಕಿನಿಂದ ನಾಲ್ಕು ಕಮಾನು ಗೆರೆ ಎಳೆದರೆ ಮಧ್ಯದಲ್ಲಿ ಒಂದು ಪುಟ್ಟ ಚೌಕ ಉಳಿಯುತ್ತದೆ. ಆ ಚೌಕದೊಳಗೆ ಪಂಚ್ ಇಟ್ಟು ಒಂದು ಏಟು. ಅಲ್ಲಿಗೆ ನಡುವು ಸಿಕ್ಕಿತು.

ಇದರ ಅಣ್ಣತಮ್ಮಂದಿರನ್ನೂ ಹೇಳಿಬಿಡುತ್ತೇನೆ. ಎರಡೂ ಕಾಲು ಒಳಕ್ಕೆ ಬಾಗಿ ಆವರಣ ಚಿಹ್ನೆಗಳಂತೆ ಕಂಡರೆ ಅದು ಹೊರ ಅಳತೆಯ ಕ್ಯಾಲಿಪರ್. ಪಾದಗಳು ಹೊರಕ್ಕೆ ತಿರುಗಿದ್ದರೆ ಒಳ ಅಳತೆಯದು, ತೂತಿನೊಳಗೆ ಇಳಿಸುವಂಥದು. ಇವುಗಳ ಮೇಲೆ ಅಂಕಿ ಇರುವುದಿಲ್ಲ. ಅಳತೆಯ ಉಪಕರಣಕ್ಕೆ ಅಂಕಿಯೇ ಇಲ್ಲವಲ್ಲ ಎಂದು ಆಶ್ಚರ್ಯಪಡಬೇಡಿ. ಇವು ಅಳತೆಯನ್ನು ಹೊತ್ತು ತಂದು ಸ್ಕೇಲಿಗೋ ಮೈಕ್ರೋಮೀಟರಿಗೋ ಒಪ್ಪಿಸುತ್ತವೆ, ಅಷ್ಟೇ. ಓದುವ ಕೆಲಸ ಅವುಗಳದು.

ಈವರೆಗೆ ಹೇಳಿದ್ದು ಜೋಡಿಯಲ್ಲದ ಕಾಲುಗಳ ಮಾತು. ಮುಂದಿನದು ಮೊಂಡು ಬಾಯಿಯ ಮಾತು. ಇದನ್ನು ಹೇಳಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಾನು ಕೆಲಸ ಕಲಿಯುತ್ತಿದ್ದ ಎರಡನೆಯ ವರ್ಷ. ನಮ್ಮ ಹಿರಿಯ ಫಿಟ್ಟರ್ ಒಬ್ಬರ ಬೆಂಚಿನ ಮೇಲೆ ಒಂದು ಚೂರಿ ಇತ್ತು. ಚೂರಿ ಎಂದು ನಾನು ತಿಳಿದಿದ್ದೆ. ಗೇಣುದ್ದದ ಉಕ್ಕಿನ ಪಟ್ಟಿ, ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣಗಾಗುತ್ತ ಬಂದು ಬಾಯಿಯಾಗಿದೆ. ಬೆರಳು ಸವರಿದರೆ ಮೊಂಡು. ಅವರಿಗೆ ಉಪಕಾರ ಮಾಡೋಣವೆಂದು ಸಾಣೆಕಲ್ಲಿಗೆ ಹಿಡಿದು ಚೆನ್ನಾಗಿ ಮಸೆದೆ. ಕಾಗದ ಕತ್ತರಿಸುವ ಹಾಗೆ ಹರಿತವಾಯಿತು. ಒಯ್ದು ಕೊಟ್ಟೆ.

ಅವರು ಬೈಯಲಿಲ್ಲ. ಅದನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಸಮತಟ್ಟಾದ ಒಂದು ಉಕ್ಕಿನ ಗಟ್ಟಿಯ ಮೇಲೆ ಅದರ ಬಾಯಿಯನ್ನು ನಿಲ್ಲಿಸಿದರು. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. "ಬಾ, ನೋಡು," ಎಂದರು. ಎರಡರ ನಡುವೆ ಅಲ್ಲಲ್ಲಿ ಬೆಳಕಿನ ಗೀಟುಗಳು ಹಾಯುತ್ತಿದ್ದವು. ನಿನ್ನೆಯವರೆಗೆ ಅಲ್ಲಿ ಬೆಳಕು ಹಾಯುತ್ತಿರಲಿಲ್ಲ. ಅವರು ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಆ ದಿನ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ.

ಅದು ಸ್ಟ್ರೈಟ್ ಎಡ್ಜ್. ನೇರವನ್ನು ಪರೀಕ್ಷಿಸುವ ಅಲಗು. ಅದರ ಬಾಯಿ ಹರಿತವಾಗಿರಬಾರದು. ಬರಿಗಣ್ಣಿಗೆ ಕಾಣದಷ್ಟು ಸಣ್ಣಗೆ ದುಂಡಗಿರಬೇಕು. ಒಂದು ಮೈ ಸಮತಟ್ಟಾಗಿದೆಯೇ ಎಂದು ನೋಡಲು ಈ ಬಾಯಿಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿಯುತ್ತಾರೆ. ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ಸಂದಿ ಇದ್ದರೂ ಬೆಳಕು ಹಾಯ್ದು ಹೇಳಿಬಿಡುತ್ತದೆ. ಆ ನೇರವನ್ನು ತರಲು ಯಾರೋ ದಿನಗಟ್ಟಲೆ ಉಜ್ಜಿದ್ದರು. ನಾನು ಕಾಲು ಗಂಟೆಯಲ್ಲಿ ಕಳೆದೆ. ಅದಾಗಿ ನಲವತ್ತು ವರ್ಷ ಕಳೆದಿದ್ದರೂ ಗುರುತಿಲ್ಲದ ಉಪಕರಣವನ್ನು ಸಾಣೆಗೆ ಹಿಡಿಯುವ ಮುನ್ನ ನನ್ನ ಕೈ ನಿಲ್ಲುತ್ತದೆ. ಕೇಳುಗರೇ, ನಿಮ್ಮ ಪೆಟ್ಟಿಗೆಯಲ್ಲಿ ಮೊಂಡು ಚೂರಿ ಸಿಕ್ಕರೆ ಮೊದಲು ಅದನ್ನು ಕಿಟಕಿಯ ಹತ್ತಿರ ಒಯ್ಯಿರಿ.

ಜೋಡಿಯಲ್ಲದ ಕಾಲು ಆಯಿತು, ಮೊಂಡು ಬಾಯಿ ಆಯಿತು. ಇನ್ನು ತಪ್ಪು ಅಳತೆ. ಆ ತಾಯಿಯ ಪೆಟ್ಟಿಗೆಯ ತಳದಲ್ಲಿ ಒಂದು ಸ್ಕೇಲು ಇತ್ತು. ಉಕ್ಕಿನದು, ಒಂದು ಅಡಿಯದು. ಮೊಮ್ಮಗಳು ತನ್ನ ಚೀಲದಿಂದ ಪ್ಲಾಸ್ಟಿಕ್ ಸ್ಕೇಲು ತೆಗೆದು ಪಕ್ಕದಲ್ಲಿಟ್ಟಳು. ಸೊನ್ನೆಗೆ ಸೊನ್ನೆ ಕೂಡಿತು. ಒಂದಕ್ಕೆ ಒಂದು ಕೂಡಿದ ಹಾಗೆ ಕಂಡಿತು. ಆರರ ಹೊತ್ತಿಗೆ ಗೆರೆಗಳು ಬೇರೆಯಾಗಿದ್ದವು. ಹನ್ನೆರಡರ ಹೊತ್ತಿಗೆ ಉಕ್ಕಿನ ಸ್ಕೇಲು ಒಂದು ಸೂತಿನಷ್ಟು ಮುಂದೆ ಹೋಗಿತ್ತು. ಸೂತು ಎಂದರೆ ಇಂಚಿನ ಎಂಟನೆಯ ಒಂದು ಭಾಗ, ಸುಮಾರು ಮೂರು ಮಿಲಿಮೀಟರ್. "ಸ್ಕೇಲೇ ತಪ್ಪಾಗಿದೆ," ಎಂದಳು ಹುಡುಗಿ. ಅಡಿಗೆ ಒಂದು ಸೂತು ತಪ್ಪಿರುವ ಸ್ಕೇಲನ್ನು ಇಂಥ ಉಪಕರಣಗಳನ್ನು ಬಲ್ಲ ಒಬ್ಬ ಮನುಷ್ಯ ಜೀವನವಿಡೀ ಯಾಕೆ ಇಟ್ಟುಕೊಂಡಾನು?

ನಾನು ಆ ತಾಯಿಯನ್ನು ಕೇಳಿದೆ. "ನಿಮ್ಮ ಮನೆಯಲ್ಲಿ ಎರಕದ ಕೆಲಸ ಮಾಡುತ್ತಿದ್ದವರು ಯಾರಾದರೂ ಇದ್ದರೇ ಅಮ್ಮಾ?"

"ನಮ್ಮ ಮಾವನೋರು ಬಡಗಿ. ಫೌಂಡ್ರಿಗೆ ಮರದ ಅಚ್ಚು ಮಾಡಿಕೊಡ್ತಿದ್ರು," ಎಂದರು.

ಸ್ಕೇಲು ಯಾರದೆಂದು ಗೊತ್ತಾಯಿತು. ಅದು ಪ್ಯಾಟರ್ನ್ ಮಾಡುವವರ ಸ್ಕೇಲು, ಕಾಂಟ್ರಾಕ್ಷನ್ ರೂಲ್. ಬೀಡು ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರೆ ಅದು ಆರುವಾಗ ಕುಗ್ಗುತ್ತದೆ. ಎಷ್ಟು? ಅಡಿಗೆ ಸುಮಾರು ಒಂದು ಸೂತು. ಆದ್ದರಿಂದ ಮರಳಿನಲ್ಲಿ ಅಚ್ಚೊತ್ತುವ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತ ಕೂತರೆ ಕೆಲಸ ಸಾಗದು. ಅದಕ್ಕಾಗಿ ಕುಗ್ಗುವಿಕೆಯನ್ನು ಸ್ಕೇಲಿನ ಗೆರೆಗಳಲ್ಲೇ ಸೇರಿಸಿಬಿಟ್ಟರು. ಬಡಗಿ ನಕ್ಷೆಯಲ್ಲಿ ಆರು ಇಂಚು ಎಂದು ಓದುತ್ತಾನೆ, ಈ ಸ್ಕೇಲಿನಲ್ಲಿ ಆರು ಇಂಚು ಅಳೆಯುತ್ತಾನೆ. ಎರಕ ಆರಿದ ಮೇಲೆ ಸರಿಯಾಗಿ ಆರು ಇಂಚಿಗೆ ಬಂದು ನಿಲ್ಲುತ್ತದೆ. ಲೋಹ ಬೇರೆಯಾದರೆ ಕುಗ್ಗುವುದೂ ಬೇರೆ. ಹಿತ್ತಾಳೆ, ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚು ಕುಗ್ಗುತ್ತವೆ. ಅವಕ್ಕೆ ಬೇರೆ ಸ್ಕೇಲು. ಬೆಳಗಾವಿಯ ಫೌಂಡ್ರಿಗಳ ಕಡೆಯ ಕೇಳುಗರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಕೇಲು ತಪ್ಪಾಗಿರಲಿಲ್ಲ. ಬಿಸಿ ಲೋಹದ ಸ್ವಭಾವವನ್ನು ಮೊದಲೇ ಬಲ್ಲದ್ದಾಗಿತ್ತು. ಹುಡುಗಿ ಅದನ್ನು ಮತ್ತೆ ಮತ್ತೆ ತನ್ನ ಸ್ಕೇಲಿನ ಪಕ್ಕ ಹಿಡಿದು ನೋಡಿದಳು.

ತಪ್ಪು ಅಂಕಿಯ ಇನ್ನೊಂದು ಉದಾಹರಣೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಸ್ಪ್ಯಾನರ್. ಮೈಮೇಲೆ ಅರ್ಧ ಇಂಚು ಎಂದು ಕೆತ್ತಿದೆ, ಪಕ್ಕದಲ್ಲಿ ಇಂಗ್ಲಿಷಿನ ಡಬ್ಲ್ಯೂ ಅಕ್ಷರ. ಬಾಯಿಯನ್ನು ಅಳೆದರೆ ಒಂದು ಇಂಚಿಗೆ ಸ್ವಲ್ಪವೇ ಕಡಿಮೆ. ಡಬ್ಲ್ಯೂ ಎಂದರೆ ವಿಟ್‌ವರ್ತ್. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂಗಳ ಥ್ರೆಡ್‌ಗೆ ಒಂದು ಸಮಾನ ಅಳತೆಯನ್ನು ಮುಂದಿಟ್ಟ. ಅದಕ್ಕೆ ಮುಂಚೆ ಒಂದೊಂದು ಕಾರ್ಖಾನೆಯ ಬೋಲ್ಟೂ ಒಂದೊಂದು ಬಗೆ. ಆತನ ಕ್ರಮದ ಸ್ಪ್ಯಾನರಿನಲ್ಲಿ ಅಂಕಿ ಹೇಳುವುದು ಬೋಲ್ಟಿನ ದಪ್ಪವನ್ನು, ಬಾಯಿಯ ಅಗಲವನ್ನಲ್ಲ. ಈಗಿನ ಸ್ಪ್ಯಾನರಿನ ಅಂಕಿ ಹೇಳುವುದು ಬಾಯಿಯ ಅಗಲವನ್ನು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಸ್ಪ್ಯಾನರುಗಳು ಸವೆದು ಬಾಯಿ ಅಗಲವಾದವು ಎಂಬ ಹೆಸರು ಹೊತ್ತು ಗುಜರಿಗೆ ಹೋಗಿವೆ.

ವಿಟ್‌ವರ್ತನ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ ಥ್ರೆಡ್ಡಿನದು 60. ಪೆಟ್ಟಿಗೆಯಲ್ಲಿ ಬಾಚಣಿಗೆಯಂಥ ಹಲ್ಲುಗಳಿರುವ ತೆಳು ಎಲೆಗಳ ಕಟ್ಟೊಂದು ಸಿಕ್ಕರೆ ಅದು ಥ್ರೆಡ್ ಗೇಜ್. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಹೊದಿಕೆಯ ಮೇಲೆ ಈ ಎರಡು ಅಂಕಿಗಳಲ್ಲಿ ಯಾವುದಿದೆ ನೋಡಿ.

ಒಂದು ಎಚ್ಚರಿಕೆ. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಇಂಚಿನ ಗುರುತು ಕಂಡ ಕೂಡಲೇ ಉಪಕರಣ ಅದಕ್ಕಿಂತ ಹಳೆಯದು ಎಂದು ತೀರ್ಮಾನಿಸಬೇಡಿ. ಕಾನೂನು ಬದಲಾದರೂ ಕೈಯ ಅಭ್ಯಾಸ ದಶಕಗಟ್ಟಲೆ ಉಳಿಯಿತು. ಇವತ್ತಿಗೂ ನಲ್ಲಿಯ ಪೈಪನ್ನು ನಾವು ಅರ್ಧ ಇಂಚು, ಮುಕ್ಕಾಲು ಇಂಚು ಎಂದೇ ಕೇಳುತ್ತೇವೆ.

ಈಗ ಕುಂದಿನಿಂದ ಸ್ವಲ್ಪ ಪಕ್ಕಕ್ಕೆ ಬರೋಣ. ಕಾಲು, ಬಾಯಿ, ಅಂಕಿ, ಮೂರನ್ನೂ ನೋಡಿದೆವು. ಅವುಗಳಲ್ಲಿ ಏನೂ ವಿಚಿತ್ರ ಕಾಣದಿದ್ದರೆ? ಆಗ ಕಣ್ಣು ಮುಚ್ಚಿ. ನಿಜವಾಗಿಯೇ ಹೇಳುತ್ತಿದ್ದೇನೆ. ಕಣ್ಣು ಮುಚ್ಚಿ ಬೆರಳಿನಿಂದ ಸವರಿ. ಎಲ್ಲೋ ಒಂದು ಕಡೆ ಮೈ ಒರಟಾಗಿ ತಗಲುತ್ತದೆ. ಹಲಸಿನ ಹಣ್ಣಿನ ಸಿಪ್ಪೆಯನ್ನು ಬಹಳ ಪುಟ್ಟದು ಮಾಡಿದ ಹಾಗೆ, ಅಡ್ಡಡ್ಡ ಗೀರುಗಳ ಸಾಲು. ಇದು ನರ್ಲಿಂಗ್. ಬೆರಳು ಜಾರದಿರಲೆಂದು ಮಾಡಿದ್ದು. ನರ್ಲಿಂಗ್ ಇರುವ ಭಾಗವನ್ನು ಬರಿ ಬೆರಳಲ್ಲಿ ತಿರುಗಿಸಬೇಕು. ಅದಕ್ಕೆ ಇಕ್ಕಳ ಹಾಕಬೇಡಿ. ಎಷ್ಟು ಬಿಗಿ ಸಾಕು ಎಂದು ಬೆರಳಿಗೆ ತಿಳಿಯಲಿ ಎಂದೇ ಅದನ್ನು ಅಲ್ಲಿ ಇಟ್ಟಿದ್ದಾರೆ.

ಬೆರಳಿಗೇ ಸಿಗುವ ಇನ್ನೊಂದು ಸಂಗತಿ ಸವೆತ. ಆ ಪೆಟ್ಟಿಗೆಯಲ್ಲಿ ಒಂದು ಸ್ಕ್ರೇಪರ್ ಇತ್ತು. ಉಕ್ಕಿನ ಮೈಯಿಂದ ಧೂಳಿನಷ್ಟು ತೆಳುವಾಗಿ ಕೆರೆದು ತೆಗೆಯುವ ಸಾಧನ. ಅಂಗಡಿಯಲ್ಲಿ ಕೊಂಡದ್ದಲ್ಲ. ಹಳೆಯ ಅರವನ್ನು ಸಾಣೆ ಹಿಡಿದು ಆ ತಾಯಿಯ ಯಜಮಾನರೇ ಮಾಡಿಕೊಂಡದ್ದು. ಹಿಡಿಯ ಹತ್ತಿರ ಅರದ ಹಲ್ಲುಗಳು ಇನ್ನೂ ಉಳಿದಿದ್ದವು, ಅದರಿಂದಲೇ ತಿಳಿಯಿತು. ಮರದ ಹಿಡಿಯ ಒಂದು ಮಗ್ಗುಲಲ್ಲಿ ಹೆಬ್ಬೆರಳಿನ ಅಗಲಕ್ಕೆ ಒಂದು ತಗ್ಗು. ಆ ತಾಯಿ ತಮ್ಮ ಹೆಬ್ಬೆರಳನ್ನು ಅದರಲ್ಲಿಟ್ಟು ನೋಡಿದರು. ತಗ್ಗು ದೊಡ್ಡದಾಗಿತ್ತು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಕೈಗೆ ಸಿಗುವ ಗುರುತು ಹೇಳಿದೆ. ಇನ್ನು ಕೆತ್ತಿದ ಗುರುತು. ಇದರಲ್ಲಿ ಮೂರು ಬಗೆಯಿವೆ, ಮೂರನ್ನೂ ಬೆರೆಸಿಕೊಳ್ಳಬಾರದು. ಮಾಡಿದವರ ಗುರುತು, ಅಳತೆಯ ಗುರುತು, ಇಟ್ಟುಕೊಂಡವರ ಗುರುತು. ಅಳತೆಯ ಗುರುತನ್ನು ಸ್ಪ್ಯಾನರಿನಲ್ಲಿ ಆಗಲೇ ನೋಡಿದೆವು.

ಮಾಡಿದವರ ಹೆಸರು ಸಾಮಾನ್ಯವಾಗಿ ಅಂದವಾದ ಅಕ್ಷರಗಳಲ್ಲಿ ಊರಿನ ಹೆಸರಿನ ಜೊತೆ ಇರುತ್ತದೆ. ಶೆಫೀಲ್ಡ್ ಎಂದಿದ್ದರೆ ಇಂಗ್ಲೆಂಡ್. ಮೂರ್ ಅಂಡ್ ರೈಟ್, ಚೆಸ್ಟರ್‌ಮನ್ ಅಲ್ಲಿಯವರು. ಅಥಾಲ್ ಎಂದಿದ್ದರೆ ಅಮೆರಿಕದ ಸ್ಟಾರೆಟ್. ಈ ಸ್ಟಾರೆಟ್ ಮೊದಲು ರೈತ. ಮಾಂಸ ಕೊಚ್ಚುವ ಯಂತ್ರವೊಂದನ್ನು ಕಂಡುಹಿಡಿದು ಈ ದಾರಿಗೆ ಬಂದವನು. ಸ್ಕೇಲಿನ ಮೇಲೆ ಜಾರುವ ಮೂಲೆಮಟ್ಟ, ಅಂದರೆ ಕಾಂಬಿನೇಷನ್ ಸ್ಕ್ವೇರ್, 1879ರಲ್ಲಿ ಅವನು ಪೇಟೆಂಟ್ ಪಡೆದದ್ದು. ಪ್ರಾವಿಡೆನ್ಸ್ ಎಂದಿದ್ದರೆ ಅಮೆರಿಕದವರೇ ಆದ ಬ್ರೌನ್ ಅಂಡ್ ಶಾರ್ಪ್. ಮಿಟುಟೊಯೊ ಎಂದಿದ್ದರೆ ಜಪಾನ್. ಕೋಳಿಯ ಹೆಜ್ಜೆಯಂಥ ಗುರುತೊಂದು ಸಿಗಬಹುದು, ಮೂರು ಗೀಟು ಒಂದೇ ತುದಿಯಲ್ಲಿ ಕೂಡಿರುವಂಥದು. ಅದು ಬ್ರಿಟಿಷ್ ಸರ್ಕಾರದ ಸ್ವತ್ತಿನ ಮುದ್ರೆ. ಬೆಂಗಳೂರಿನ ಪೆಟ್ಟಿಗೆಯಲ್ಲಿ ಅಮೆರಿಕದ ಉಪಕರಣ ಕಂಡರೆ ಅಚ್ಚರಿಪಡಬೇಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ದುರಸ್ತಿಗೆ ಇಲ್ಲಿಗೇ ಬರುತ್ತಿದ್ದವು.

ಇಟ್ಟುಕೊಂಡವರ ಗುರುತು ಇಷ್ಟು ಅಂದವಾಗಿರುವುದಿಲ್ಲ. ಅಕ್ಷರದ ಪಂಚನ್ನು ಒಂದೊಂದಾಗಿ ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಒಂದು ಅಕ್ಷರ ಮೇಲೆ, ಒಂದು ಕೆಳಗೆ. ಹೆಸರಿನ ಎರಡು ಅಕ್ಷರ, ಇಲ್ಲವೇ ಕೆಲಸಗಾರನ ಟೋಕನ್ ನಂಬರು. ಆ ತಾಯಿಯ ಪೆಟ್ಟಿಗೆಯಲ್ಲಿ ನಾಣ್ಯದಷ್ಟು ಅಗಲದ ಹಿತ್ತಾಳೆಯ ಬಿಲ್ಲೆಗಳೂ ಎರಡು ಇದ್ದವು. ಮೇಲೆ ಒಂದು ತೂತು, ನಡುವೆ ಮೂರು ಅಂಕಿ. "ಹಳೇ ಕಾಲದ ದುಡ್ಡು ಅಂದ್ಕೊಂಡಿದ್ವಿ," ಎಂದರು ಆಕೆ. ಅದು ಟೂಲ್ ಸ್ಟೋರಿನ ಬಿಲ್ಲೆ. ಸ್ಟೋರಿನಿಂದ ಒಂದು ಉಪಕರಣ ಪಡೆಯುವಾಗ ಕೆಲಸಗಾರ ತನ್ನ ಬಿಲ್ಲೆಯನ್ನು ಅಲ್ಲಿ ಒಪ್ಪಿಸುತ್ತಿದ್ದ. ಉಪಕರಣ ಇದ್ದ ಜಾಗದಲ್ಲಿ ಬಿಲ್ಲೆ ಮೊಳೆಗೆ ನೇತಾಡುತ್ತಿತ್ತು. ಸಂಜೆ ಉಪಕರಣ ಹಿಂದಿರುಗಿಸಿದರೆ ಬಿಲ್ಲೆ ವಾಪಸು. ಆ ಮೂರು ಅಂಕಿಯೇ ಸ್ಕ್ರೇಪರಿನ ಮೇಲೆ ಇತ್ತು, ಜೆನ್ನಿ ಕ್ಯಾಲಿಪರಿನ ಮೇಲೆ ಇತ್ತು, ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲೂ ಇತ್ತು.

ಈ ಗುರುತುಗಳು ಉಳಿಯಬೇಕಾದರೆ ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಉಪಕರಣಕ್ಕೆ ಹುಣಸೆಹುಳಿ ಹಾಕಿ ಉಜ್ಜಬೇಡಿ. ಹಿತ್ತಾಳೆಯ ದೀಪಕ್ಕೆ ಅದು ಸರಿ. ಉಕ್ಕನ್ನು ಹುಳಿ ತಿನ್ನುತ್ತದೆ, ಕೂದಲೆಳೆಯಂಥ ಗೆರೆಗಳನ್ನೂ ಜೊತೆಗೆ ತಿನ್ನುತ್ತದೆ. ಉಪ್ಪುಕಾಗದ ಬೇಡ. ತಿರುಗುವ ತಂತಿ ಬ್ರಷ್ ಬೇಡವೇ ಬೇಡ. ಸೀಮೆಎಣ್ಣೆ ಸಿಕ್ಕರೆ ಸೀಮೆಎಣ್ಣೆ, ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ. ಅದರಲ್ಲಿ ಒಂದು ರಾತ್ರಿ ನೆನೆಯಲಿ. ಬೆಳಗ್ಗೆ ಹತ್ತಿ ಬಟ್ಟೆಯಲ್ಲಿ ಒರೆಸಿ. ತುಕ್ಕಿನ ಕಲೆ ಉಳಿದರೆ ಉಳಿಯಲಿ, ಅಕ್ಷರ ಹೋಗದಿದ್ದರೆ ಸಾಕು. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಇಡುತ್ತೀರಿ, ಇಡಲೇಬೇಕು. ಪೆಟ್ಟಿಗೆಗೆ ಇಡಿ, ಸುತ್ತಿಗೆಗೆ ಇಡಿ. ಮೈಕ್ರೋಮೀಟರಿಗೆ ಇಟ್ಟರೆ ಮಾರನೆಯ ದಿನ ಒರೆಸಿ ಎಣ್ಣೆ ಸವರಿ. ಒದ್ದೆ ಕುಂಕುಮ ಕೂತಲ್ಲೇ ತುಕ್ಕು ಹುಟ್ಟುತ್ತದೆ.

ಈವರೆಗಿನದನ್ನು ಒಮ್ಮೆ ನೆನೆದು ಕೊನೆಯ ವಸ್ತುವಿಗೆ ಹೋಗೋಣ. ಜೋಡಿಯಲ್ಲದ ಕಾಲು ಬೇಕೆಂದೇ ಮಾಡಿದ್ದು. ಮೊಂಡು ಬಾಯಿ ಬೇಕೆಂದೇ ಮಾಡಿದ್ದು. ಉದ್ದವಾದ ಅಡಿಕೋಲು ಬೇಕೆಂದೇ ಮಾಡಿದ್ದು. ಇನ್ನು ಉಳಿದದ್ದು ಒಂದು ತಗಡಿನ ಡಬ್ಬಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಒಳಗೆ ನಾಲ್ಕು ಉಕ್ಕಿನ ಗುಂಡಿಗಳು. ಕಿರುಬೆರಳ ತುದಿಯಷ್ಟು ದಪ್ಪ. ಕನ್ನಡಿಯಂತೆ ನುಣುಪು. ಪ್ರತಿಯೊಂದರ ನಡುವೆ ಉದ್ದಕ್ಕೂ ತೂತು, ತೂತಿನಲ್ಲಿ ಒಂದು ಪುಟ್ಟ ಸ್ಕ್ರೂ. ಸ್ಕ್ರೂ ತೂತಿಗಿಂತ ಬಹಳ ಸಣ್ಣದು. ಹಿಡಿದು ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು. ನಾಲ್ಕರಲ್ಲಿ ಮೂರು ಒಂದೇ ಎತ್ತರ, ಒಂದು ಮಾತ್ರ ಎತ್ತರ ಹೆಚ್ಚು.

"ಇದನ್ನಂತೂ ಎಸೆದೇಬಿಡ್ತಿದ್ದ ಮಗ," ಎಂದರು ಆ ತಾಯಿ. "ಸ್ಕ್ರೂ ಸಡಿಲ, ಒಂದು ಗುಂಡಿ ಬೇರೆ ಸೆಟ್ಟಿನದು ಅಂದ. ಅವರು ಮಾತ್ರ ಇದನ್ನ ಯಾರಿಗೂ ಮುಟ್ಟಗೊಡ್ತಿರಲಿಲ್ಲ."

ಮುಟ್ಟಗೊಡದಿದ್ದುದು ನ್ಯಾಯವೇ. ಅವು ಟೂಲ್‌ಮೇಕರ್ಸ್ ಬಟನ್. ಉಕ್ಕಿನ ತಟ್ಟೆಯೊಂದರಲ್ಲಿ ಎರಡು ತೂತು ಕೊರೆಯಬೇಕು ಎಂದುಕೊಳ್ಳಿ. ಅವುಗಳ ನಡುವಿನ ದೂರ ಕೂದಲಿನ ದಪ್ಪದಷ್ಟೂ ತಪ್ಪಬಾರದು. ಪಂಚ್ ಹೊಡೆದು ಡ್ರಿಲ್ ಇಳಿಸಿದರೆ ಡ್ರಿಲ್ ತನಗೆ ಬೇಕಾದ ಕಡೆ ಒಲೆಯುತ್ತದೆ. ಈಗ ಇದಕ್ಕೆಲ್ಲ ಜಿಗ್ ಬೋರಿಂಗ್ ಯಂತ್ರವಿದೆ, ಕಂಪ್ಯೂಟರ್ ನಡೆಸುವ ಯಂತ್ರವಿದೆ. ಅವು ಇಲ್ಲದ ಕಡೆ ಈ ಗುಂಡಿಗಳೇ ಆಧಾರ.

ಮೊದಲು ಅಂದಾಜಿನ ಜಾಗದಲ್ಲಿ ಒಂದು ಸಣ್ಣ ತೂತು ಕೊರೆದು ಥ್ರೆಡ್ ಹಾಕುತ್ತಾರೆ. ಗುಂಡಿಯನ್ನು ಅದರ ಮೇಲಿಟ್ಟು ಸ್ಕ್ರೂವನ್ನು ಅರ್ಧ ಬಿಗಿ ಮಾಡುತ್ತಾರೆ. ಈಗ ಗುಂಡಿ ಬೀಳದು, ಆದರೆ ತಟ್ಟಿದರೆ ಜರುಗುತ್ತದೆ. ಯಾಕೆ ಜರುಗುತ್ತದೆ? ತೂತು ದೊಡ್ಡದು, ಸ್ಕ್ರೂ ಸಣ್ಣದು. ಆ ಸಡಿಲು ಇರುವುದೇ ಅದಕ್ಕಾಗಿ. ಎರಡನೆಯ ಗುಂಡಿಯನ್ನೂ ಹಾಗೇ ನಿಲ್ಲಿಸುತ್ತಾರೆ. ಎರಡರ ಹೊರಮೈಗೆ ಮೈಕ್ರೋಮೀಟರ್ ಹಿಡಿದು ಅಳೆಯುತ್ತಾರೆ. ಮೆತ್ತಗೆ ಒಂದು ತಟ್ಟು. ಮತ್ತೆ ಅಳತೆ. ಇನ್ನೊಂದು ತಟ್ಟು. ಹೀಗೆ ಅರ್ಧ ದಿನವಾದರೂ ಆಗಬಹುದು. ದೂರ ಸರಿಯಾಗಿ ಕೂತಾಗ ಸ್ಕ್ರೂ ಪೂರಾ ಬಿಗಿ. ಆಮೇಲೆ ತಟ್ಟೆಯನ್ನು ಲೇತಿಗೆ ಕಟ್ಟಿ ಒಂದು ಗುಂಡಿ ಅಲುಗದೆ ನೇರವಾಗಿ ತಿರುಗುವ ತನಕ ಹೊಂದಿಸುತ್ತಾರೆ. ಗುಂಡಿ ಬಿಚ್ಚಿ, ಅದು ಇದ್ದ ಜಾಗದಲ್ಲೇ ತೂತು ಕೊರೆಯುತ್ತಾರೆ. ಇನ್ನೊಂದು ಗುಂಡಿಗೂ ಅದೇ ಕ್ರಮ. ಗುಂಡಿಗಳು ಬಹಳ ಹತ್ತಿರ ಇದ್ದಾಗ ಪಕ್ಕದ್ದು ಅಡ್ಡ ಬರುತ್ತದೆ. ಆಗ ತಲೆ ಎತ್ತಿ ನಿಲ್ಲುವ ಒಂದು ಬೇಕು. ನಾಲ್ಕರಲ್ಲಿ ಒಂದು ಎತ್ತರವಾಗಿರುವುದು ಅದಕ್ಕೆ.

ಮೊಮ್ಮಗಳು ಕೇಳಿದಳು. "ಇಷ್ಟೆಲ್ಲ ಸರಿಯಾಗಬೇಕಾದರೆ ಗುಂಡಿಗಳ ದಪ್ಪ ಒಂದೇ ಇರಬೇಕಲ್ಲ ತಾತ? ಈಗಲೂ ಇದೆಯಾ?"

ಪೆಟ್ಟಿಗೆಯಲ್ಲಿ ಆ ಯಜಮಾನರದೇ ಮೈಕ್ರೋಮೀಟರ್ ಇತ್ತು. ತಿರುಗುವ ಕೊಳವೆಯ ಸುತ್ತ ಎಷ್ಟು ಗೆರೆ ಎಂದು ಎಣಿಸಲು ಅವಳಿಗೇ ಹೇಳಿದೆ. ಇಪ್ಪತ್ತೈದು. ಇಂಚಿನದಾದರೆ ಇಪ್ಪತ್ತೈದು, ಮಿಲಿಮೀಟರಿನದಾದರೆ ಸಾಮಾನ್ಯವಾಗಿ ಐವತ್ತು. ಬಾಯಿಯ ಎರಡೂ ಮುಖವನ್ನು ಒಂದು ಶುಭ್ರ ಕಾಗದ ಕಚ್ಚಿಸಿ ಎಳೆದು ಶುಚಿ ಮಾಡಿದೆ. ಮುಚ್ಚಿ ನೋಡಿದೆ, ಸೊನ್ನೆ ಸೊನ್ನೆಗೇ ಬಂತು. ಮೊದಲನೆಯ ಗುಂಡಿಯನ್ನು ಒಳಗಿಟ್ಟು ಬೆರಳ ತುದಿಯಲ್ಲಿ ತಿರುಗಿಸಿದೆ. ತಿರುಗದ ಒಳಗಿನ ಕೊಳವೆಯ ಮೇಲೆ ಐದರ ಗೆರೆ ಕಂಡಿತು. ಸೊನ್ನೆ ನಡುಗೆರೆಯ ಮೇಲೆ ಬಂದು ಕೂತಿತು. ಎರಡನೆಯದನ್ನು ಹುಡುಗಿಯೇ ಅಳೆದಳು. ಮೂರನೆಯದನ್ನೂ. ಎತ್ತರದ ಗುಂಡಿಯನ್ನು ಕೊನೆಗೆ.

"ಎಷ್ಟು ಬಂತೇ?" ಎಂದರು ಅಜ್ಜಿ.

"ಅರ್ಧ ಇಂಚು."

"ನಾಲ್ಕೂ?"

"ನಾಲ್ಕೂ ಅಜ್ಜಿ. ಒಂದು ಗೆರೆಯೂ ಆಚೀಚೆ ಇಲ್ಲ."

ಆಕೆ ಡಬ್ಬಿಯನ್ನು ಈಸಿಕೊಂಡು ಗುಂಡಿಗಳನ್ನು ಒಂದೊಂದಾಗಿ ಸೆರಗಿನ ತುದಿಯಲ್ಲಿ ಒರೆಸಿದರು. ನಾನು ತಡೆದು, ಕೈಯ ಬೆವರು ತಗಲಿದೆ, ಸ್ವಲ್ಪ ಎಣ್ಣೆ ಸವರಿ ಇಡಿ ಅಮ್ಮಾ ಎಂದೆ. ಮೊಮ್ಮಗಳು ಎಣ್ಣೆಯ ಬಟ್ಟೆ ತಂದಳು. ಎತ್ತರದ ಗುಂಡಿಯನ್ನು ಕೊನೆಯಲ್ಲಿಟ್ಟು ಮುಚ್ಚಳ ಹಾಕಿದರು.